ಗುಳೆಗೆ ಬರವೊಂದೇ ಕಾರಣವೇ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯವಳು, ಸಮಾಜಶಾಸ್ತ್ರದಲ್ಲಿ ಸಂಶೋಧನೆ ಕೈಗೊಂಡಿದ್ದೇನೆ. ನಮ್ಮ ಭಾಗದ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು ನನ್ನ ವಿಷಯ. ‘ಗುಳೆಗೆ ಬರಗಾಲವೇ ಕಾರಣ’ ಎಂಬ ಸಿದ್ಧಾಂತದೊಂದಿಗೆ, ಗುಳೆ ಹೋಗಿಬಂದ ನೂರು ಕುಟುಂಬಗಳನ್ನು ಮಾತನಾಡಿಸಿದೆ, ಬಹುತೇಕರು ಹೌದೆಂದರು. ಆದರೂ ಮಾರ್ಗದರ್ಶಕರು ‘ಇದಿನ್ನೂ ಸಿದ್ಧಾಂತವಾಗಿಲ್ಲ’ ಎಂದು ಅಧ್ಯಾಯವನ್ನು ಹಿಂದಿರುಗಿಸಿದ್ದಾರೆ. ನಾನು ಎಲ್ಲಿ ತಪ್ಪಿದ್ದೇನೆ?

ಉತ್ತರ: ನೂರು ಮನೆಗಳಲ್ಲಿ ಕೂತು ಮಾತನಾಡಿಸಿದ ನಿಮ್ಮ ಶ್ರಮ ಹಾಳಾಗಿಲ್ಲ; ಅದು ಅರ್ಧ ದಾರಿಯಲ್ಲಿ ನಿಂತಿದೆ. ನೀವು ಹೋಗಿಬಂದವರನ್ನು ಮಾತ್ರ ಕೇಳಿದ್ದೀರಿ. ‘ಮಳಿ ಆಗಿಲ್ಲರಿ, ಅದಕ್ಕ ಹೋಗ್ತೀವಿ’ ಎಂಬ ಅವರ ಉತ್ತರ ಸುಳ್ಳೇನಲ್ಲ. ಆದರೆ ತೊಗರಿ ರಾಶಿ ಮುಗಿದ ಮೇಲೆ, ಫೆಬ್ರುವರಿಯಲ್ಲಿ, ಊರಿನ ಓಣಿಯಲ್ಲೊಮ್ಮೆ ನಡೆದು ನೋಡಿ. ಒಂದು ಮನೆಗೆ ಬೀಗ ಬಿದ್ದಿರುತ್ತದೆ, ಅಂಗಳಕ್ಕೆ ದನ ನುಗ್ಗದಂತೆ ಜಾಲಿಮುಳ್ಳು ಎಳೆದಿರುತ್ತಾರೆ. ಪಕ್ಕದ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿರುತ್ತದೆ. ಮಳೆ ಕೈಕೊಟ್ಟದ್ದು ಎರಡೂ ಮನೆಗಳಿಗೆ. ಹಾಗಿದ್ದರೆ ಒಬ್ಬರು ಹೋದದ್ದೇಕೆ, ಇನ್ನೊಬ್ಬರು ಉಳಿದದ್ದೇಕೆ? ಉಳಿದವರನ್ನು ಕೇಳದ ಅಧ್ಯಯನದಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಸಿದ್ಧಾಂತವೆಂದರೆ ಒಂದು ಕಾರಣವನ್ನು ಹೆಸರಿಸುವುದಷ್ಟೇ ಅಲ್ಲ. ಆ ಕಾರಣ ಯಾರ ಮೇಲೆ, ಯಾವ ದಾರಿಯಿಂದ ಕೆಲಸ ಮಾಡುತ್ತದೆ ಎಂಬುದನ್ನು ಅದು ಹೇಳಬೇಕು. ಅದಕ್ಕಿಂತ ಮುಖ್ಯವಾಗಿ, ತಾನು ನಿಜವಾಗಿದ್ದರೆ ಏನು ಕಾಣಿಸಬಾರದು ಎಂಬುದನ್ನೂ ಮೊದಲೇ ಹೇಳಿಬಿಡಬೇಕು. ತತ್ತ್ವಜ್ಞಾನಿ ಕಾರ್ಲ್ ಪಾಪ್ಪರ್ 1934ರಲ್ಲಿ ವಿಜ್ಞಾನದ ಮುಂದಿಟ್ಟ ಬೇಡಿಕೆ ಇದೇ ಆಗಿತ್ತು. ಸಮಾಜ ವಿಜ್ಞಾನಕ್ಕೆ ಅದನ್ನು ಅಷ್ಟೇ ಕಟ್ಟುನಿಟ್ಟಾಗಿ ಅನ್ವಯಿಸಲು ಆಗದಿದ್ದರೂ, ಅದನ್ನು ಪೂರ್ತಿ ಕೈಬಿಟ್ಟರೆ ನಮ್ಮ ಬಳಿ ಉಳಿಯುವುದು ಅಭಿಪ್ರಾಯ ಮಾತ್ರ. ಮಳೆ ಹೋದ ವರ್ಷ ಜನ ಗುಳೆ ಹೋದರೆ ‘ನೋಡಿ, ಬರ’ ಎಂದೂ, ಮಳೆ ಬಂದ ವರ್ಷವೂ ಹೋದರೆ ‘ಹಿಂದಿನ ಬರದ ಸಾಲ’ ಎಂದೂ ಹೇಳಬಲ್ಲ ಮಾತು ಎಂದಿಗೂ ಸೋಲುವುದಿಲ್ಲ. ಸೋಲಲಾರದ ಮಾತಿಗೆ ನಿಮ್ಮ ನೂರು ಮನೆಗಳ ಸಾಕ್ಷಿ ಯಾವ ಬಲವನ್ನೂ ಕೊಡುವುದಿಲ್ಲ.

ಆದ್ದರಿಂದ ಊರಿಗೆ ಹೋಗುವಾಗ ಒಂದೇ ವಿವರಣೆಯನ್ನು ಒಯ್ಯಬೇಡಿ. ಒಂದಕ್ಕೊಂದು ಎದುರಾಗಿ ನಿಲ್ಲುವ ಎರಡು ಮೂರನ್ನು ಒಯ್ಯಿರಿ. ವಲಸೆಯ ವಿಷಯದಲ್ಲಿ ಇವುಗಳಿಗೆ ಕೊರತೆಯಿಲ್ಲ. ಅರ್ಥಶಾಸ್ತ್ರಜ್ಞ ಮೈಕೆಲ್ ಟೊಡಾರೊ 1969ರಲ್ಲಿ, ಜನ ಪಟ್ಟಣದ ಕೂಲಿಯ ಜೊತೆಗೆ ಅಲ್ಲಿ ಕೆಲಸ ಸಿಗುವ ಸಂಭವವನ್ನೂ ಲೆಕ್ಕ ಹಾಕಿ ಹೊರಡುತ್ತಾರೆ ಎಂದು ವಾದಿಸಿದರು. ಓಡೆಡ್ ಸ್ಟಾರ್ಕ್ ಮತ್ತು ಡೇವಿಡ್ ಬ್ಲೂಮ್ 1985ರಲ್ಲಿ, ಹೊರಡುವ ನಿರ್ಧಾರ ಒಬ್ಬ ವ್ಯಕ್ತಿಯದಲ್ಲ, ಇಡೀ ಕುಟುಂಬದ್ದು ಎಂದರು: ಬೆಳೆ ಕೈಕೊಟ್ಟರೂ ಮನೆ ನಡೆಯಲೆಂದು ಒಬ್ಬಿಬ್ಬರನ್ನು ಹೊರಗೆ ಕಳಿಸಿ, ಅಪಾಯವನ್ನು ಹಂಚಿಕೊಳ್ಳುವ ಉಪಾಯ ಅದು. ಡಗ್ಲಸ್ ಮ್ಯಾಸಿ ಮೊದಲಾದವರು, ಮೊದಲು ಹೋದವರು ಹಿಂದೆ ಬರುವವರಿಗೆ ದಾರಿ ಮಾಡಿಕೊಡುವುದರಿಂದ ವಲಸೆ ತಾನೇ ತಾನಾಗಿ ಬೆಳೆಯುತ್ತದೆ ಎಂದು ತೋರಿಸಿದರು. ನಮ್ಮ ಕಡೆ ಇದಕ್ಕೆ ಊರಿನಿಂದ ಕೂಲಿಗೆ ಜನರನ್ನು ಕರೆದೊಯ್ಯುವ ಮೇಸ್ತ್ರಿ ಮತ್ತು ಅವನು ಕೊಡುವ ಮುಂಗಡವನ್ನೂ ಸೇರಿಸಿಕೊಳ್ಳಬೇಕು. ಮಗಳ ಮದುವೆಗೋ ಆಸ್ಪತ್ರೆಗೋ ಮುಂಗಡ ತೆಗೆದುಕೊಂಡವರಿಗೆ ಆ ವರ್ಷ ಮಳೆ ಚೆನ್ನಾಗಿ ಬಂದರೂ ಹೋಗದೆ ವಿಧಿಯಿಲ್ಲ.

ಇವನ್ನು ಬೇರ್ಪಡಿಸಿ ನೋಡಲು ಯಾದಗಿರಿಯಷ್ಟು ಅನುಕೂಲವಾದ ಜಿಲ್ಲೆ ಇನ್ನೊಂದಿಲ್ಲವೆಂದೇ ನನಗೆ ತೋರುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರಗಳ ಎಷ್ಟೋ ಹಳ್ಳಿಗಳಿಗೆ ಹರಿದಿದೆ. ಗುರುಮಠಕಲ್ ಕಡೆಯ ಹಳ್ಳಿಗಳನ್ನು ಆ ನೀರು ಮುಟ್ಟಿಲ್ಲ. ಬರವೇ ಕಾರಣವಾಗಿದ್ದರೆ, ಕಾಲುವೆಯ ಹಳ್ಳಿಗಳಲ್ಲಿ ಗುಳೆ ಬಹುಮಟ್ಟಿಗೆ ನಿಂತಿರಬೇಕು. ನಿಲ್ಲದಿದ್ದರೆ, ಸಿದ್ಧಾಂತವನ್ನು ಒಮ್ಮೆಗೇ ಬಿಸಾಡದೆ, ಬರ ಕೆಲಸ ಮಾಡುವ ದಾರಿಯನ್ನು ಹುಡುಕಿ: ನೀರು ಬಂದದ್ದು ಯಾರ ಹೊಲಕ್ಕೆ? ಹೊಲವಿಲ್ಲದ ಮನೆಯಲ್ಲಿ ಬರದಿಂದ ಬೆಳೆ ಹೋಗುವುದಿಲ್ಲ, ಕೂಲಿ ಹೋಗುತ್ತದೆ. ಕಾಲುವೆ ಆ ಕೂಲಿಯ ದಿನಗಳನ್ನು ಹೆಚ್ಚಿಸಿದೆಯೇ ಇಲ್ಲವೇ ಎಂಬುದೇ ಆಗ ನಿಮ್ಮ ಪ್ರಶ್ನೆಯಾಗುತ್ತದೆ. ಕುಟುಂಬದ ಉಪಾಯವೆಂಬ ವಿವರಣೆ ಸರಿಯಾಗಿದ್ದರೆ, ಇಡೀ ಮನೆಗೆ ಬೀಗ ಹಾಕಿ ಹೋಗುವವರು ವಿರಳವಾಗಿರಬೇಕು. ಮೇಸ್ತ್ರಿಯ ಜಾಲವೇ ಮುಖ್ಯವಾಗಿದ್ದರೆ, ಒಂದೇ ಮಣ್ಣು, ಒಂದೇ ಮಳೆಯ ಎರಡು ನೆರೆಹಳ್ಳಿಗಳ ನಡುವೆ ದೊಡ್ಡ ಅಂತರ ಕಾಣಬೇಕು; ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ಸಿಗಾಗಿ ಯಾದಗಿರಿ ಸ್ಟೇಷನ್ನಿನಲ್ಲಿ ಹಿಟ್ಟಿನ ಚೀಲ, ಕಟಿರೊಟ್ಟಿಯ ಗಂಟು ಇಟ್ಟುಕೊಂಡು ಕೂತ ಒಂದೇ ಊರಿನವರೆಲ್ಲ ಬೆಂಗಳೂರಿನ ಒಂದೇ ಬಡಾವಣೆಯ ಹೆಸರು ಹೇಳಬೇಕು.

ಎಣಿಸುವ ಮೊದಲು ‘ಗುಳೆ’ ಎಂದರೆ ಏನೆಂದು ಬರೆದಿಟ್ಟುಕೊಳ್ಳಿ. ರಾಷ್ಟ್ರೀಯ ಮಾದರಿ ಸಮೀಕ್ಷೆಯು 2007-08ರ ಸುತ್ತಿನಲ್ಲಿ, ವರ್ಷದಲ್ಲಿ ಒಂದು ತಿಂಗಳಿಗೆ ಕಡಿಮೆಯಿಲ್ಲದಂತೆ, ಆದರೆ ಆರು ತಿಂಗಳೊಳಗೆ, ಕೆಲಸಕ್ಕಾಗಿ ಹೊರಗಿದ್ದವರನ್ನು ಅಲ್ಪಾವಧಿ ವಲಸಿಗರೆಂದು ಕರೆಯಿತು. ದೀಪಾವಳಿ ಮುಗಿಸಿ ನವೆಂಬರಿನಲ್ಲಿ ಹೊರಟು ಜೂನ್ ಬಿತ್ತನೆಗೆ ಮರಳುವ ಕುಟುಂಬ ಏಳು ತಿಂಗಳು ಹೊರಗಿರುತ್ತದೆ. ಆ ಅಳತೆಯೊಳಗೆ ಅದು ಬರುವುದಿಲ್ಲ. ನಾವು ಗುಳೆಯೆಂದು ಕರೆಯುವುದರ ತಿರುಳೇ ಅಂಥ ಕುಟುಂಬವಾಗಿರುವಾಗ, ಅದನ್ನು ಬಿಟ್ಟ ಲೆಕ್ಕದ ಮೇಲೆ ಎಷ್ಟೇ ಸೊಗಸಾದ ಸಿದ್ಧಾಂತ ಕಟ್ಟಿದರೂ ಅದು ಬೇರೆ ಯಾವುದನ್ನೋ ವಿವರಿಸುತ್ತಿರುತ್ತದೆ.

ಇನ್ನೊಂದು ಸಂಗತಿ ನನಗೆ ಬಹಳ ಪ್ರಿಯವಾದದ್ದು. ಹೋದವರು ಮರಳುವುದು ಯಾವಾಗ? ಬಿತ್ತನೆಗೆ ಎಂದು ಕೆಲವರು, ಮೊಹರಂಗೆ ಎಂದು ಕೆಲವರು ಹೇಳುತ್ತಾರೆ. ಮೊಹರಂ ಕುಣಿತವಾದ ಅಲಾಯಿ ಕುಣಿಯಲು ಊರಿಗೆ ಬಾರದಿದ್ದರೆ ನಮ್ಮ ಜನರ ಮನಸ್ಸು ತಡೆಯುವುದಿಲ್ಲವೆಂಬುದು ನಿಮಗೂ ಗೊತ್ತು. 2025ರಲ್ಲಿ ಮೊಹರಂ ಜುಲೈ ಮೊದಲ ವಾರದಲ್ಲಿ, ಬಿತ್ತನೆಯ ಕಾಲದಲ್ಲೇ ಬಂದದ್ದರಿಂದ, ಆ ವರ್ಷ ಮರಳಿದವರನ್ನು ನೋಡಿ ಎರಡರಲ್ಲಿ ಯಾವುದು ಕಾರಣವೆಂದು ಹೇಳಲಾಗದು. ಆದರೆ ಚಾಂದ್ರಮಾನದ ಆ ಹಬ್ಬ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2016ರಲ್ಲಿ ಅದು ಅಕ್ಟೋಬರಿನಲ್ಲಿತ್ತು. ಆ ವರ್ಷ ಜೂನಿನಲ್ಲಿ ಬಂದವರೆಷ್ಟು, ಅಕ್ಟೋಬರಿನಲ್ಲಿ ಬಂದವರೆಷ್ಟು ಎಂದು ಹಿರಿಯರನ್ನು ಕೇಳಿ. ಹಬ್ಬದ ದಿನ ತಾನಾಗಿ ಜರುಗುವುದರಿಂದ, ನಾವು ಏರ್ಪಡಿಸಲಾರದ ಪ್ರಯೋಗವೊಂದು ಊರಿನಲ್ಲಿ ತಾನೇ ನಡೆದುಹೋಗಿದೆ.

ಪ್ರಶ್ನೆ: ನಾನು ಕಲಬುರಗಿಯ ನಿವೃತ್ತ ಶಿಕ್ಷಕ. ನಮ್ಮ ಭಾಗ ಹಿಂದುಳಿಯಲು ನಿಜಾಮರ ಆಳ್ವಿಕೆಯೇ ಕಾರಣವೆಂದು ಬಾಲ್ಯದಿಂದ ಕೇಳುತ್ತಾ ಬಂದಿದ್ದೇನೆ. ಇದನ್ನು ಒರೆಗೆ ಹಚ್ಚಲು ಸಾಧ್ಯವೇ?

ಉತ್ತರ: ಸಾಧ್ಯವಿದೆ, ಮತ್ತು ಅದನ್ನು ಮಾಡಲೇಬೇಕು. ಕರ್ನಾಟಕದ ಪ್ರಾದೇಶಿಕ ಅಸಮಾನತೆಯನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ ಆಗಿದ್ದವು; ಹಿಂದುಳಿದಿರುವಿಕೆಯ ಬಗ್ಗೆ ಸಂದೇಹವಿಲ್ಲ, ಪ್ರಶ್ನೆಯಿರುವುದು ಕಾರಣದ ಬಗ್ಗೆ. 2011ರ ಜನಗಣತಿಯಲ್ಲಿ ಬೀದರ್ ಜಿಲ್ಲೆಯ ಸಾಕ್ಷರತೆ ಶೇ 70ಕ್ಕೂ ಹೆಚ್ಚು, ಯಾದಗಿರಿಯದು ಶೇ 52ರ ಆಸುಪಾಸು. ಎರಡೂ ಕಡೆ 1948ರ ಸೆಪ್ಟೆಂಬರ್ 17ರವರೆಗೆ ಆಳಿದ್ದು ಒಂದೇ ಸಂಸ್ಥಾನ. ಅಷ್ಟೇ ಅಲ್ಲ, ಇಂದಿನ ಯಾದಗಿರಿಯ ಭಾಗವಾದ ಸುರಪುರ ನಿಜಾಮರ ಕೈಸೇರಿದ್ದು 1860ರಲ್ಲಿ; ಅಂದರೆ ಅಲ್ಲಿ ಅವರ ನೇರ ಆಳ್ವಿಕೆ ಬೀದರಿಗಿಂತ ಕಡಿಮೆ ಕಾಲದ್ದು. ಎರಡೂ ಜಿಲ್ಲೆಗಳಿಗೆ ಸಮಾನವಾದ ಆಳ್ವಿಕೆಯು ಅವುಗಳ ನಡುವಿನ ಈ ಅಂತರವನ್ನು ವಿವರಿಸಲಾರದು.

ಆದರೆ ‘ನಿಜಾಮರ ಆಳ್ವಿಕೆ’ ಎಂಬುದು ಒಂದೇ ಬಗೆಯದಾಗಿರಲಿಲ್ಲ. ಸರ್ಕಾರವೇ ಕಂದಾಯ ವಸೂಲಿ ಮಾಡುವ ದಿವಾನಿ ಹಳ್ಳಿಗಳಿದ್ದವು, ಕಂದಾಯದ ಹಕ್ಕನ್ನು ಸರದಾರರಿಗೆ ಬಿಟ್ಟುಕೊಟ್ಟ ಜಾಗೀರುಗಳಿದ್ದವು, ಸೈನ್ಯ ಸಾಕಲೆಂದು ಶ್ರೀಮಂತ ಮನೆತನಕ್ಕೆ ಕೊಟ್ಟ ಪಾಯಗಾಗಳಿದ್ದವು; ಜಾಗೀರುಗಳು ರದ್ದಾದದ್ದು 1949ರಲ್ಲಿ. ಬ್ರಿಟಿಷ್ ಇಂಡಿಯಾದ ಜಿಲ್ಲೆಗಳನ್ನು ಹೋಲಿಸಿ ಅಭಿಜಿತ್ ಬ್ಯಾನರ್ಜಿ ಮತ್ತು ಲಕ್ಷ್ಮಿ ಅಯ್ಯರ್ 2005ರಲ್ಲಿ, ಕಂದಾಯದ ಹಕ್ಕು ಜಮೀನ್ದಾರರ ಕೈಯಲ್ಲಿದ್ದ ಕಡೆ ಸ್ವಾತಂತ್ರ್ಯಾನಂತರವೂ ಕೃಷಿ ಹಿಂದೆ ಬಿತ್ತೆಂದು ತೋರಿಸಿದರು. ನಮ್ಮಲ್ಲಿಯೂ ಜಾಗೀರು ಹಳ್ಳಿಯನ್ನು ಅದರ ಪಕ್ಕದ ದಿವಾನಿ ಹಳ್ಳಿಯೊಂದಿಗೆ ಹೋಲಿಸಿದರೆ, ಹಳೆಯ ಮಾತು ಮೊದಲ ಬಾರಿಗೆ ಪರೀಕ್ಷೆಗೆ ಒಡ್ಡಿಕೊಳ್ಳುತ್ತದೆ.

ಇನ್ನೊಂದು ಹೋಲಿಕೆ ಬೀದರಿನ ಗಡಿಯಲ್ಲಿದೆ. 1956ರಲ್ಲಿ ಹೈದರಾಬಾದ್ ರಾಜ್ಯ ಮೂರು ಪಾಲಾದಾಗ ಹಳೆಯ ಬೀದರ್ ಜಿಲ್ಲೆಯೂ ಒಡೆಯಿತು: ಉದಗೀರ, ನಿಲಂಗಾ ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಭಾಲ್ಕಿ, ಔರಾದ್ ಮೈಸೂರಿಗೆ ಹೋದವು. ಗಡಿಯ ಎರಡೂ ಬದಿಯ ಹಳ್ಳಿಗಳಿಗೆ ಮಣ್ಣು, ಮಳೆ, ಹಳೆಯ ಆಳ್ವಿಕೆ ಎಲ್ಲವೂ ಬಹುಪಾಲು ಒಂದೇ. ಬೇರೆಯಾದದ್ದು ಆನಂತರದ ಸರ್ಕಾರ. ಶಾಲೆ, ರಸ್ತೆ, ಹೆಣ್ಣುಮಕ್ಕಳ ಓದು ಇವತ್ತಿಗೂ ಎರಡೂ ಬದಿಗಳಲ್ಲಿ ಸಮಸಮವಾಗಿದ್ದರೆ ಹಳೆಯ ಆಳ್ವಿಕೆಯ ವಾದಕ್ಕೆ ಬಲ ಬರುತ್ತದೆ. ಗಡಿ ದಾಟಿದೊಡನೆ ಅವು ಬದಲಾಗುತ್ತಿದ್ದರೆ, ನಾವು ಲೆಕ್ಕ ಕೇಳಬೇಕಾದದ್ದು 1956ರಿಂದೀಚೆಗೆ ನಮ್ಮನ್ನು ಆಳಿದವರನ್ನು.