ಗಾಡಿ ರ‍್ಯಾಪ್ ಅಂಗಡಿ ಶುರು ಮಾಡುವವರು ಸಾಮಾನ್ಯವಾಗಿ ಎಲ್ಲಿ ಕೈ ಸುಟ್ಟುಕೊಳ್ಳುತ್ತಾರೆ?

ನೀವು ಬರೆದಿದ್ದು ಇಷ್ಟು. ಬೇರೆಯವರ ಅಂಗಡಿಯಲ್ಲಿ ರ‍್ಯಾಪ್ ಕೆಲಸ, ಅಂದರೆ ಗಾಡಿಯ ಮೈಗೆ ಬಣ್ಣದ ಇಲ್ಲವೇ ಜಾಹೀರಾತಿನ ಅಂಟು ಫಿಲ್ಮ್ ಹೊದಿಸುವ ಕೆಲಸ ಕಲಿತಿದ್ದೀರಿ, ಕೈ ಪಳಗಿದೆ. ಈಗ ಗೆಳೆಯನ ಜೊತೆ ಸೇರಿ ಸ್ವಂತ ಅಂಗಡಿ ತೆರೆಯುವ ಆಸೆ. ಜಾಹೀರಾತಿನ ಫಿಲ್ಮ್ ಅಚ್ಚು ಹಾಕಲು ಪ್ರಿಂಟರ್ ಕೂಡ ನೋಡಿಟ್ಟಿದ್ದೀರಿ. ದುಡ್ಡು ಎಲ್ಲಿ ಸೋರುತ್ತದೆ ಅಂತ ಮೊದಲೇ ತಿಳಿಯಬೇಕು.

ನಾನೂ ಇದೇ ಕೆಲಸದಲ್ಲಿರುವವನು. ಮುಚ್ಚಿಹೋದ ಅಂಗಡಿಗಳಲ್ಲಿ ಒಳ್ಳೆಯ ಕೈಕೆಲಸದವರನ್ನೇ ಜಾಸ್ತಿ ನೋಡಿದ್ದೇನೆ. ಅವರ ಫಿನಿಶಿಂಗ್‌ಗೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಆದರೆ ಗಾಡಿ ಒಳಗೆ ಬರುವ ಮೊದಲೇ, ರೇಟು ಹೇಳುವ ಹೊತ್ತಿಗೇ ನಷ್ಟ ಒಪ್ಪಿಕೊಂಡಿರುತ್ತಿದ್ದರು. ಹಾಗಾಗಿ ಫಿಲ್ಮ್ ಒತ್ತಿ ಕೂರಿಸುವ ಸ್ಕ್ವೀಜಿ, ಬಿಸಿ ಗಾಳಿ ಊದುವ ಹೀಟ್ ಗನ್ ವಿಚಾರ ಬಿಟ್ಟು ಒಪ್ಪಿಕೊಳ್ಳುವ ವಿಚಾರವನ್ನೇ ಹೇಳುತ್ತೇನೆ.

ಮೊದಲು ರೇಟು. ಹೊಸಬರು ಪಕ್ಕದ ಅಂಗಡಿಯವನ ರೇಟು ಕೇಳಿಸಿಕೊಂಡು, ಅದಕ್ಕಿಂತ ಸ್ವಲ್ಪ ಕಮ್ಮಿ ಹೇಳುತ್ತಾರೆ. ಅವನು ಸರಿಯಾಗಿ ಲೆಕ್ಕ ಹಾಕಿದ್ದಾನೆ ಅಂತ ಯಾರು ಹೇಳಿದರು? ಅವನೂ ಮುಳುಗುತ್ತಿರಬಹುದು. ಇನ್ನು ಕೆಲವರು ಚದರ ಅಡಿಗೆ ಇಷ್ಟು ಅಂತ ಹೇಳಿಬಿಡುತ್ತಾರೆ. ಇದು ಇನ್ನೂ ಕೆಟ್ಟದ್ದು. ಬಾಗಿಲು ದೊಡ್ಡದು, ಆದರೆ ಕೆಲಸ ಸುಲಭ. ಬಂಪರ್ ಮತ್ತು ಸೈಡ್ ಮಿರರ್ ಚಿಕ್ಕವು, ಅರ್ಧ ದಿನವನ್ನೇ ನುಂಗುತ್ತವೆ. ಚದರ ಅಡಿ ಲೆಕ್ಕದಲ್ಲಿ ಬಾಗಿಲಲ್ಲಿ ಗಳಿಸಿದ್ದು ಬಂಪರಿನಲ್ಲಿ ಹೋಗುತ್ತದೆ.

ಫಿಲ್ಮ್ ಲೆಕ್ಕದಲ್ಲೂ ಇದೇ ಕಥೆ. ಬಣ್ಣ ಬದಲಿಸುವ ಫಿಲ್ಮ್ ಸಾಮಾನ್ಯವಾಗಿ 1.52 ಮೀಟರ್ ಅಗಲದ ರೋಲ್‌ನಲ್ಲಿ ಬರುತ್ತದೆ. ಒಂದು ಮಧ್ಯಮ ಗಾತ್ರದ ಕಾರಿಗೆ ಸುಮಾರು 18 ಮೀಟರ್ ಬೇಕಾಗುತ್ತದೆ. ದೊಡ್ಡ ಎಸ್‌ಯುವಿಗೆ 23 ಮೀಟರ್ ರೋಲ್ ಹೆಚ್ಚುಕಮ್ಮಿ ಪೂರ್ತಿ ಹೋಗುತ್ತದೆ. ಗಾಡಿಯ ಮೈ ಅಳೆದು ಅಷ್ಟಕ್ಕೇ ದುಡ್ಡು ಹಾಕಿದರೆ ಉಳಿಕೆ ತುಂಡುಗಳ ದುಡ್ಡು ನಿಮ್ಮ ಜೇಬಿನಿಂದ. ಬಾನೆಟ್ ಕತ್ತರಿಸಿದ ಮೇಲೆ ಪಕ್ಕದಲ್ಲಿ ಉಳಿಯುವ ಪಟ್ಟಿ ಮಿರರ್‌ಗೂ ಸಾಲುವುದಿಲ್ಲ. ಮೆಟಾಲಿಕ್ ಫಿಲ್ಮ್ ಆದರೆ ತುಂಡನ್ನು ತಿರುಗಿಸಿ ಹಾಕುವಂತೆಯೂ ಇಲ್ಲ. ಬೆಳಕು ಬಿದ್ದಾಗ ಪಕ್ಕದ ಪ್ಯಾನೆಲ್‌ಗಿಂತ ಬಣ್ಣ ಬೇರೆ ಕಾಣುತ್ತದೆ. ಮಧ್ಯದಲ್ಲಿ ಫಿಲ್ಮ್ ಸಾಲದೆ ಇನ್ನೊಂದು ರೋಲ್ ತರಿಸಿದರೆ ಬ್ಯಾಚ್ ಬೇರೆಯಾಗಿ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಬರಬಹುದು. ಅದಕ್ಕೇ ಒಂದು ಗಾಡಿಗೆ ಬೇಕಾದ್ದನ್ನು ಒಂದೇ ಬ್ಯಾಚ್‌ನಲ್ಲಿ, ಒಂದಷ್ಟು ಜಾಸ್ತಿಯೇ ತರಿಸಿ. ಒಂದು ಪ್ಯಾನೆಲ್ ಕೆಟ್ಟರೆ ಮತ್ತೆ ಮಾಡುವಷ್ಟು ಫಿಲ್ಮ್ ರೇಟಿನೊಳಗೇ ಇರಲಿ. ಎಂಥಾ ಕೈ ಆದರೂ ಆಗಾಗ ಒಂದು ಪ್ಯಾನೆಲ್ ಕೆಡುತ್ತದೆ.

ಗಂಟೆಗಳನ್ನಂತೂ ಯಾರೂ ಪೂರ್ತಿ ಎಣಿಸುವುದಿಲ್ಲ. ಅಂಟಿಸುವ ಹೊತ್ತನ್ನು ಮಾತ್ರ ಎಣಿಸುತ್ತಾರೆ. ತೊಳೆಯುವುದು, ಟಾರ್ ಕಲೆ ತೆಗೆಯುವುದು, ಜಿಡ್ಡು ಹೋಗಲು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸುವುದು, ಹ್ಯಾಂಡಲ್, ಲೈಟ್, ಎಂಬ್ಲೆಮ್ ಬಿಚ್ಚುವುದು, ಮತ್ತೆ ಹಾಕುವುದು. ಕೊನೆಗೆ ಅಂಚು, ತಗ್ಗುಗಳಿಗೆಲ್ಲ ಬಿಸಿ ಕೊಡುವುದು. ಇದನ್ನು ಅಂದಾಜಿನಲ್ಲಿ ಮಾಡದೆ, ಫಿಲ್ಮ್ ಕಂಪನಿ ಹೇಳಿದ ಬಿಸಿ ತಲುಪಿತಾ ಅಂತ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಬೇಕು. ಎಷ್ಟೋ ಫಿಲ್ಮ್‌ಗಳಿಗೆ ಅದು 90ರಿಂದ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಈ ಕೆಲಸ ಬಿಟ್ಟರೆ ಗಾಡಿ ವಾರದಲ್ಲೇ ತಗ್ಗಿನಲ್ಲಿ ಫಿಲ್ಮ್ ಎದ್ದು ವಾಪಸ್ ಬರುತ್ತದೆ. ವಾಪಸ್ ಬಂದ ಗಾಡಿಗೆ ಯಾರೂ ಕೂಲಿ ಕೊಡುವುದಿಲ್ಲ, ಅಲ್ವಾ? ಪೂರ್ತಿ ಬಣ್ಣ ಬದಲಿಸುವ ಕೆಲಸ ಅಂದರೆ ಇಬ್ಬರಿಗೆ ಎರಡು ಮೂರು ದಿನ ಅಂತಲೇ ಹಿಡಿಯಿರಿ.

'ಬಾಗಿಲು ತೆಗೆದರೆ ಒಳಗೆ ಹಳೇ ಬಣ್ಣ ಕಾಣುತ್ತೆ, ಅದನ್ನೂ ಮಾಡಿಬಿಡಿ' ಅನ್ನುವ ಗಿರಾಕಿ ಖಂಡಿತ ಬರುತ್ತಾರೆ. ತಪ್ಪು ಅವರದ್ದಲ್ಲ. ಪೂರ್ತಿ ಅಂದರೆ ಪೂರ್ತಿ ಅಂತಲೇ ಅವರು ತಿಳಿದಿರುತ್ತಾರೆ. ಆದ್ದರಿಂದ ಏನೇನು ಮಾಡುತ್ತೇವೆ ಅನ್ನುವುದಕ್ಕಿಂತ ಏನೇನು ಮಾಡುವುದಿಲ್ಲ ಅನ್ನುವುದು ಕೊಟೇಶನ್‌ನಲ್ಲಿ ದೊಡ್ಡ ಅಕ್ಷರದಲ್ಲಿರಲಿ.

ಹೊಸ ಅಂಗಡಿಗಳು ಜಾಸ್ತಿ ಪೆಟ್ಟು ತಿನ್ನುವುದು ಹಳೇ ಫಿಲ್ಮ್ ತೆಗೆಯುವ ಕೆಲಸದಲ್ಲಿ. 'ಹಳೇದು ಕಿತ್ತು ಹೊಸದು ಹಾಕಿಕೊಡಿ' ಅಂತ ಫೋನಿನಲ್ಲಿ ಕೇಳುತ್ತಾರೆ, ಇವರು ಫೋನಿನಲ್ಲೇ ಒಂದು ಮೊತ್ತ ಹೇಳಿಬಿಡುತ್ತಾರೆ. ಒಳ್ಳೆಯ ಫಿಲ್ಮ್, ನೆರಳಲ್ಲಿ ನಿಂತ ಗಾಡಿ ಆದರೆ ಸ್ವಲ್ಪ ಬಿಸಿ ಮಾಡಿದರೆ ಹಾಳೆ ಹಾಳೆಯಾಗಿ ಬರುತ್ತದೆ. ಅಗ್ಗದ ಫಿಲ್ಮ್, ವರ್ಷಗಟ್ಟಲೆ ಬಿಸಿಲಲ್ಲಿ ಬೆಂದಿದ್ದರೆ ಉಗುರಿನಷ್ಟು ಉಗುರಿನಷ್ಟು ಚೂರಾಗಿ ಬರುತ್ತದೆ. ಅಂಟು ಗಾಡಿಯ ಮೇಲೇ ಉಳಿಯುತ್ತದೆ. ಅದನ್ನು ಬೇರೆಯಾಗಿ ತೆಗೆಯಬೇಕು. ಅರ್ಧ ದಿನದ ಕೆಲಸ ನಾಲ್ಕು ದಿನ ಆಗಬಹುದು. ಈ ಕೆಲಸಕ್ಕೆ ಗಂಟೆ ಲೆಕ್ಕ ಬಿಟ್ಟು ಬೇರೆ ರೇಟು ಹೇಳಲೇಬೇಡಿ. ಗಾಡಿ ತರಿಸಿ, ರೂಫ್ ಮತ್ತು ಬಾನೆಟ್‌ನ ಒಂದು ಮೂಲೆ ಎಬ್ಬಿಸಿ ನೋಡಿ. ಬಿಸಿಲು ಹೆಚ್ಚು ಬೀಳುವ ಜಾಗ ಅವೇ. ಅಲ್ಲಿ ಹೇಗೆ ಬರುತ್ತದೆ ಅನ್ನುವುದರ ಮೇಲೆ ಮಾತಾಡಿ.

ಕಿತ್ತಾಗ ಫಿಲ್ಮ್ ಜೊತೆ ಬಣ್ಣವೂ ಬಂದರೆ? ಬರುತ್ತದೆ. ಕಾರ್ಖಾನೆಯಿಂದ ಬಂದ ಮೂಲ ಬಣ್ಣ ಗಟ್ಟಿಯಾಗಿ ಕೂತಿರುತ್ತದೆ. ಆಮೇಲೆ ಎಲ್ಲೋ ಹೊಡೆಸಿದ ಬಣ್ಣ, ಪುಟ್ಟಿ ಹಾಕಿದ ಜಾಗ, ತುಕ್ಕು ಹಿಡಿದ ಅಂಚು ಇವೆಲ್ಲ ನಂಬಿಕೆಗೆ ತಕ್ಕವಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರಿಗೆ ಅದು ಗೊತ್ತೂ ಇರುವುದಿಲ್ಲ. ಬಣ್ಣದ ದಪ್ಪ ಅಳೆಯುವ ಮೀಟರ್ ಒಂದು ತೆಗೆದುಕೊಳ್ಳಿ. ಮೂಲ ಬಣ್ಣ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಒಳಗೆ ಇರುತ್ತದೆ. ಒಂದು ಬಾಗಿಲು ಮಾತ್ರ 300 ದಾಟಿದರೆ ಅಲ್ಲಿ ಏನೋ ಆಗಿದೆ ಅಂತಲೇ ಅರ್ಥ. ಪ್ಲಾಸ್ಟಿಕ್ ಬಂಪರ್ ಮೇಲೆ ಈ ಮೀಟರ್ ನಡೆಯುವುದಿಲ್ಲ, ಅಲ್ಲಿ ಕಣ್ಣೇ ಗತಿ. ಹೊಸದಾಗಿ ಬಣ್ಣ ಹೊಡೆಸಿದ ಗಾಡಿಯನ್ನು ಬಣ್ಣ ಪೂರ್ತಿ ಒಣಗಿ ಗಟ್ಟಿಯಾಗುವ ತನಕ ಮುಟ್ಟಬೇಡಿ. ಒಳಗಿನ ದ್ರಾವಕ ಆವಿಯಾಗಿ ಹೊರಬರುತ್ತಾ ಗುಳ್ಳೆ ಎಬ್ಬಿಸುತ್ತದೆ. ಗಾಡಿ ಒಳಗೆ ಬಂದ ಕೂಡಲೇ ಸುತ್ತಲೂ ಫೋಟೋ ತೆಗೆಯಿರಿ, ಗೀರು, ಕಲ್ಲೇಟಿನ ಗುರುತು ಬರೆದು ಸಹಿ ಹಾಕಿಸಿ. ಗಿರಾಕಿ ಮುಖ ಸಿಂಡರಿಸಿದರೂ ಪರವಾಗಿಲ್ಲ.

ಈಗ ನಿಮ್ಮ ಪ್ರಿಂಟರ್. ಬೇಡ ಅನ್ನುವುದೇ ನನ್ನ ಅಭಿಪ್ರಾಯ, ಕನಿಷ್ಠ ಸದ್ಯಕ್ಕೆ. ಪ್ರಿಂಟರ್ ಒಂದೇ ಬರುವುದಿಲ್ಲ. ಪ್ರಿಂಟ್ ಮೇಲೆ ಪಾರದರ್ಶಕ ರಕ್ಷಣಾ ಪದರ ಹಾಕುವ ಲ್ಯಾಮಿನೇಟರ್, ಡಿಸೈನ್ ಫೈಲನ್ನು ಪ್ರಿಂಟರ್‌ಗೆ ಅರ್ಥವಾಗುವಂತೆ ಮಾಡುವ ರಿಪ್ ಸಾಫ್ಟ್‌ವೇರ್, ಇಂಕು, ಅದನ್ನು ನಡೆಸಲು ಬಲ್ಲ ಒಬ್ಬ ಮನುಷ್ಯ, ಎಲ್ಲವೂ ಬರುತ್ತವೆ. ಕೆಲಸ ಇಲ್ಲದೆ ನಿಲ್ಲಿಸಿದರೆ ಇಂಕು ಚಿಮ್ಮುವ ಹೆಡ್ ಕಟ್ಟಿಕೊಳ್ಳುತ್ತದೆ. ದ್ರಾವಕ ಇರುವ ಇಕೋ ಸಾಲ್ವೆಂಟ್ ಇಂಕು ಆದರೆ ಪ್ರಿಂಟ್ ತೆಗೆದ ಮೇಲೆ ಲ್ಯಾಮಿನೇಶನ್‌ಗೆ ಮುಂಚೆ ಕಡಿಮೆ ಅಂದರೂ 24 ಗಂಟೆ ಒಣಗಲು ಬಿಡಬೇಕು. ಗಿರಾಕಿ ಅವಸರ ಮಾಡುತ್ತಾನೆ, ನೀವು ಸಂಜೆಯೇ ಲ್ಯಾಮಿನೇಟ್ ಮಾಡುತ್ತೀರಿ, ಒಳಗೆ ಉಳಿದ ದ್ರಾವಕ ಅಂಟನ್ನು ಮೆತ್ತಗೆ ಮಾಡುತ್ತದೆ, ಅಂಚು ಏಳುತ್ತದೆ. ನೀರಿನ ಆಧಾರದ ಲೇಟೆಕ್ಸ್ ಇಂಕಿಗೆ ಈ ಕಾಯುವಿಕೆ ಇಲ್ಲ, ಆದರೆ ಮಿಕ್ಕ ಖರ್ಚೆಲ್ಲ ಇದ್ದೇ ಇರುತ್ತದೆ. ಹೊರಗೆ ಪ್ರಿಂಟ್ ಮಾಡಿಸಿ. ಕಂತು, ಇಂಕು, ರಿಪೇರಿ, ಸಂಬಳ ಇಷ್ಟೂ ಸೇರಿದ ಮೊತ್ತವನ್ನು ಹೊರಗಿನ ಪ್ರಿಂಟಿಂಗ್ ಬಿಲ್ಲು ತಿಂಗಳಾನುಗಟ್ಟಲೆ ಮೀರುತ್ತಿದೆ ಅಂತಾದಾಗ ಯೋಚಿಸಿ.

ಫಿಲ್ಮ್ ಯಾವುದು ಅನ್ನುವುದು ನಿಮಗೆ ಗೊತ್ತಿರುವ ವಿಷಯ, ವ್ಯಾಪಾರದ ಕಡೆಯಿಂದ ಮಾತ್ರ ಒಂದೆರಡು ಮಾತು. ದ್ರವವಾಗಿ ಹರಡಿ ಒಣಗಿಸಿ ಮಾಡುವ ಕಾಸ್ಟ್ ಫಿಲ್ಮ್ ತೆಳು, ಪ್ರಿಂಟ್ ಮಾಡುವಂಥದ್ದು ಸುಮಾರು 50 ಮೈಕ್ರಾನ್, ಉಬ್ಬುತಗ್ಗಿಗೆ ಕೂತರೆ ಕೂತಲ್ಲೇ ಇರುತ್ತದೆ. ಕ್ಯಾಲೆಂಡರ್ಡ್ ಫಿಲ್ಮ್ ದಪ್ಪ, ರೋಲರ್‌ಗಳ ನಡುವೆ ಎಳೆದು ಮಾಡಿದ್ದರಿಂದ ಕಾಲಕ್ರಮೇಣ ಕುಗ್ಗುತ್ತದೆ. ವ್ಯಾನಿನ ಚಪ್ಪಟೆ ಬದಿಗೆ, ಕೆಲವು ತಿಂಗಳ ಜಾಹೀರಾತಿಗೆ ಅದು ಧಾರಾಳವಾಗಿ ಸಾಕು. ತೊಂದರೆ ಬರುವುದು ಒಂದರ ರೇಟಿಗೆ ಇನ್ನೊಂದನ್ನು ಒಪ್ಪಿಕೊಂಡಾಗ. ಕಾಸ್ಟ್ ಪ್ರಿಂಟ್ ಮೇಲೆ ದುಡ್ಡು ಉಳಿಸಲು ಕ್ಯಾಲೆಂಡರ್ಡ್ ಲ್ಯಾಮಿನೇಶನ್ ಹಾಕುವವರೂ ಇದ್ದಾರೆ. ಮೇಲಿನದು ಕುಗ್ಗುತ್ತದೆ, ಕೆಳಗಿನದನ್ನೂ ಎಳೆದುಕೊಂಡು ಬರುತ್ತದೆ. 3ಎಂ, ಏವರಿ ಡೆನಿಸನ್, ಓರಾಫೋಲ್ ಥರದ ಕಂಪನಿಗಳು ಯಾವ ಫಿಲ್ಮ್‌ಗೆ ಯಾವ ಲ್ಯಾಮಿನೇಶನ್ ಅಂತ ಜೋಡಿ ಹೇಳಿರುತ್ತವೆ. ಜೋಡಿ ತಪ್ಪಿಸಿದರೆ ವಾರಂಟಿ ಹೋಯಿತು. ಇನ್ನೊಂದು: ಬಾನೆಟ್, ರೂಫ್ ಥರದ ಮಲಗಿದ ಭಾಗಗಳಿಗೆ ಕಂಪನಿ ವಾರಂಟಿ ನಿಂತ ಭಾಗಗಳಿಗಿಂತ ಕಮ್ಮಿ ಇರುತ್ತದೆ. ಇಡೀ ಗಾಡಿಗೆ ಇಷ್ಟು ವರ್ಷ ಅಂತ ಒಂದೇ ಲೆಕ್ಕ ಹೇಳಿ ಬಾಯಿ ಸುಟ್ಟುಕೊಳ್ಳಬೇಡಿ. ಕಂಪನಿ ಫಿಲ್ಮ್ ಬದಲಿಸಿ ಕೊಟ್ಟರೂ ನಿಮ್ಮ ಮೂರು ದಿನವನ್ನು ವಾಪಸ್ ಕೊಡುತ್ತದೆ ಅಂತ ಅಂದುಕೊಳ್ಳಬೇಡಿ. ಷರತ್ತು ಓದಿ.

ಜಾಹೀರಾತಿನ ರ‍್ಯಾಪ್ ಮಾಡುವುದಾದರೆ ಡಿಸೈನ್‌ಗೆ ಬೇರೆಯಾಗಿ ದುಡ್ಡು ಕೇಳಿ. ಎರಡು ತಿದ್ದುಪಡಿ ಸೇರಿಸಿ, ಮೂರನೆಯದಕ್ಕೆ ಚಾರ್ಜ್ ಅಂತ ಮೊದಲೇ ಹೇಳಿ. ಇಲ್ಲವಾದರೆ ಗಿರಾಕಿಯ ಇಡೀ ಮನೆಮಂದಿ ಬಣ್ಣ ಆರಿಸುತ್ತಾರೆ. ವಾಟ್ಸಾಪ್‌ನಲ್ಲಿ ಬಂದ ಲೋಗೋವನ್ನು ವ್ಯಾನಿನಷ್ಟು ದೊಡ್ಡದು ಮಾಡಲು ಆಗುವುದಿಲ್ಲ, ಎಷ್ಟು ಹಿಗ್ಗಿಸಿದರೂ ಮಸುಕಾಗದ ವೆಕ್ಟರ್ ಫೈಲ್ ಕೇಳಿ. ರೆಡಿ ಟೆಂಪ್ಲೇಟ್ ನಂಬಿ ಪ್ರಿಂಟ್ ಕೊಡಬೇಡಿ, ಟೇಪ್ ಹಿಡಿದು ಆ ಗಾಡಿಯನ್ನೇ ಅಳೆಯಿರಿ. ಫೋನ್ ನಂಬರಿನ ನಟ್ಟನಡುವೆ ಬಾಗಿಲ ಹ್ಯಾಂಡಲ್ ಕೂತ ಗಾಡಿಗಳು ರಸ್ತೆಯಲ್ಲಿ ಬೇಕಾದಷ್ಟಿವೆ, ನೋಡಿರುತ್ತೀರಿ. ಕೊನೆಯ ಪ್ರೂಫ್ ಮೇಲೆ ಕಾಗುಣಿತ, ನಂಬರ್ ಎಲ್ಲ ಓದಿಸಿ ಒಪ್ಪಿಗೆ ಬರೆಸಿಕೊಳ್ಳಿ.

ಅಡ್ವಾನ್ಸ್ ಇಲ್ಲದೆ ಫಿಲ್ಮ್ ತರಿಸಬೇಡಿ. ಕನಿಷ್ಠ ಫಿಲ್ಮ್ ದುಡ್ಡಾದರೂ ಮೊದಲು ಬರಬೇಕು. ಯಾರೂ ಕೇಳದ ಬಣ್ಣದ ರೋಲ್ ಮೂಲೆಯಲ್ಲಿ ಉಳಿದರೆ ಅದು ಸತ್ತ ದುಡ್ಡು. ಬಣ್ಣ ಬದಲಿಸುವ ಕೆಲಸ ಇನ್‌ಸ್ಟಾಗ್ರಾಂನಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಅದೇ ಗಿರಾಕಿ ಮತ್ತೆ ಬರಲು ವರ್ಷಗಳು ಬೇಕು. ಬಾಡಿಗೆ ಕಟ್ಟುವುದು ಡೆಲಿವರಿ ವ್ಯಾನುಗಳು, ಸರ್ವಿಸ್ ಕಂಪನಿಗಳ ಗಾಡಿಗಳು. ಅವರ ಸಮಸ್ಯೆ ಬೇರೆ, ದುಡ್ಡು ತಡವಾಗಿ ಕೊಡುತ್ತಾರೆ. ಹತ್ತು ವ್ಯಾನ್ ಒಟ್ಟಿಗೆ ಅಂದಾಗ ಹಿಗ್ಗಬೇಡಿ. ಮೊದಲ ಎರಡರ ದುಡ್ಡು ಬಂದ ಮೇಲೆ ಮುಂದಿನದಕ್ಕೆ ಕೈ ಹಾಕುವಂತೆ ಒಪ್ಪಂದ ಮಾಡಿಕೊಳ್ಳಿ.

ಜಾಗ ಮುಚ್ಚಿದ್ದಿರಲಿ, ಧೂಳು ಕಮ್ಮಿ ಇರಲಿ, ಬೆಳಕು ಪಕ್ಕದಿಂದಲೂ ಬೀಳಲಿ. ಇನ್ಶೂರೆನ್ಸ್ ಬಗ್ಗೆ ಮಾತ್ರ ಕೂತು ವಿಚಾರಿಸಿ. ಅಂಗಡಿಯ ಮಾಮೂಲಿ ಇನ್ಶೂರೆನ್ಸ್‌ನಲ್ಲಿ ನಿಮ್ಮ ಸಾಮಾನು ಸೇರಿರುತ್ತದೆ. ನಿಮ್ಮ ಸುಪರ್ದಿಯಲ್ಲಿ ರಾತ್ರಿ ನಿಂತ ಗಿರಾಕಿಯ ಗಾಡಿ ಸೇರಿದೆಯಾ, ನೀವು ಅದನ್ನು ಒಳಗೆ ಹೊರಗೆ ಓಡಿಸುವಾಗ ತಾಗಿಸಿದರೆ ಸೇರಿದೆಯಾ, ಎರಡನ್ನೂ ಕೇಳಿ ಬರಹದಲ್ಲಿ ಪಡೆಯಿರಿ. ಗಾಡಿಯ ಬಣ್ಣ ಬದಲಾದರೆ ನೋಂದಣಿ ಕಚೇರಿಗೆ ತಿಳಿಸಬೇಕು ಅನ್ನುವ ನಿಯಮ ಹಲವು ದೇಶಗಳಲ್ಲಿದೆ. ಅದು ಮಾಲೀಕರ ಜವಾಬ್ದಾರಿ ಅಂತ ಕೊಟೇಶನ್‌ನಲ್ಲೇ ಒಂದು ಸಾಲು ಹಾಕಿ.

ಇನ್ನು ನೀವಿಬ್ಬರೂ ಅಂಟಿಸುವವರೇ. ಫೋನ್ ಯಾರು ಎತ್ತುತ್ತೀರಿ? ಕೈಯಲ್ಲಿ ಎಳೆದು ಹಿಡಿದ ಫಿಲ್ಮ್ ಇರುವಾಗ ಫೋನ್ ಬಂದರೆ ಬಾಯಿಗೆ ಬಂದ ರೇಟು ಹೇಳಿ ಇಟ್ಟುಬಿಡುತ್ತೀರಿ. ರೇಟು ಹೇಳುವ ಕೆಲಸ ಒಬ್ಬರದ್ದೇ ಇರಲಿ, ಇನ್ನೊಬ್ಬರು ಗಿರಾಕಿ ಎದುರು ಅದನ್ನು ಇಳಿಸಬಾರದು. ಪಾಲು, ಸಂಬಳ, ಬಿಟ್ಟು ಹೋದರೆ ಏನು ಅನ್ನುವುದನ್ನು ಸ್ನೇಹ ಚೆನ್ನಾಗಿರುವಾಗಲೇ ಬರೆದಿಡಿ.

ಅಂಗಡಿ ತೆರೆಯುವ ಮೊದಲು ಒಂದು ಕೆಲಸ ಮಾಡಿ. ನಿಮ್ಮಿಬ್ಬರಲ್ಲಿ ಒಬ್ಬರ ಗಾಡಿಯನ್ನೇ ಗಿರಾಕಿಯದ್ದು ಅಂತ ಅಂದುಕೊಂಡು, ತೊಳೆಯುವುದರಿಂದ ಹಿಡಿದು ಕೊನೆಯ ಬಿಸಿಯ ತನಕ ಮಾಡಿ. ಪ್ರತಿ ಭಾಗಕ್ಕೆ ಎಷ್ಟು ಗಂಟೆ, ಎಷ್ಟು ಮೀಟರ್ ಅಂತ ಬರೆಯುತ್ತಾ ಹೋಗಿ. ನಿಮ್ಮ ಮೊದಲ ರೇಟ್ ಪಟ್ಟಿ ಆ ಹಾಳೆಯಿಂದಲೇ ಬರಲಿ. ಪ್ರಿಂಟರ್‌ಗೆ ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲವಾದರೆ ಆ ದುಡ್ಡನ್ನು ಮೊದಲ ಆರು ತಿಂಗಳ ಬಾಡಿಗೆಗೆ ಎತ್ತಿಡಿ.