ರತ್ನಗಂಬಳಿ ವ್ಯಾಪಾರಿಯ ಮುಖ

ಮಾನ್ಯರೇ,

ಕೈರೋದ ಖಾನ್ ಎಲ್ ಖಲೀಲಿ ಪೇಟೆಯ ರತ್ನಗಂಬಳಿ ವ್ಯಾಪಾರಿಯನ್ನು ಚಿತ್ರಿಸಿದ, ಇಂಗ್ಲಿಷ್ ಚಿತ್ರಕಾರ ಜಾನ್ ಫ್ರೆಡರಿಕ್ ಲೂಯಿಸನ 1860ರ ಜಲವರ್ಣವನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ತಿದ್ದಿ ಬರೆದರೆ ಒಳ್ಳೆಯ ಲೇಖನವಾದೀತೆಂಬ ನಂಬಿಕೆಯಿಂದಲೇ ಇಷ್ಟು ವಿವರವಾಗಿ ಉತ್ತರಿಸುತ್ತಿದ್ದೇನೆ.

ನಿಮ್ಮ ಮೊದಲ ಎರಡು ಪುಟಗಳು, ಪಶ್ಚಿಮದವರು ಪೂರ್ವದೇಶಗಳನ್ನು ತಮಗೆ ಬೇಕಾದಂತೆ ಕಲ್ಪಿಸಿ ಚಿತ್ರಿಸಿದರೆಂಬ ಚಿಂತಕ ಎಡ್ವರ್ಡ್ ಸೈದ್ ಅವರ ವಾದದ ಸಾರಾಂಶಕ್ಕೇ ಮುಗಿದುಹೋಗಿವೆ. ಚಿತ್ರ ಬರುವುದು ಮೂರನೆಯ ಪುಟದಲ್ಲಿ, ಅದೂ ಆ ವಾದಕ್ಕೆ ಸಾಕ್ಷಿ ಹೇಳಿ ಹೋಗುವುದಕ್ಕಷ್ಟೇ. ಸೈದರ ವಾದ ಮಹತ್ವದ್ದು, ಆದರೆ ಅದು ಚಿತ್ರವನ್ನು ನೋಡುವ ಕೆಲಸವನ್ನು ನಮ್ಮ ಪರವಾಗಿ ಮಾಡಿಕೊಡುವುದಿಲ್ಲ.

"ಲೂಯಿಸ್ ಕಂಡದ್ದನ್ನು ಕಂಡಂತೆಯೇ ಬಿಡಿಸಿದ" ಎಂದು ಬರೆದಿದ್ದೀರಿ. ಆತ 1841ರಿಂದ 1851ರವರೆಗೆ ಕೈರೋದಲ್ಲಿ ಅಲ್ಲಿಯವರಂತೆಯೇ ಉಡುಪು ತೊಟ್ಟು ಬಾಳಿದ್ದು ನಿಜ. ಆದರೆ ಈ ಚಿತ್ರ ಮೂಡಿದ್ದು ಇಂಗ್ಲೆಂಡಿಗೆ ಮರಳಿ ಒಂಬತ್ತು ವರ್ಷಗಳಾದ ಮೇಲೆ, ಆತ ಥೇಮ್ಸ್ ದಂಡೆಯ ವಾಲ್ಟನ್ ಊರಿನಲ್ಲಿ ನೆಲೆಸಿದ್ದಾಗ. ಅದಕ್ಕಿಂತ ದೊಡ್ಡ ಸಂಗತಿಯೊಂದು ನಿಮ್ಮ ಕಣ್ಣು ತಪ್ಪಿದೆ. ಮುಂಡಾಸು ಸುತ್ತಿ, ಬಟ್ಟೆಗಳ ನಡುವೆ ಕುಳಿತು, ನಮ್ಮನ್ನೇ ನೇರವಾಗಿ ನೋಡುತ್ತಿರುವ ಆ ಗಡ್ಡದ ವ್ಯಾಪಾರಿಯ ಮುಖ ಲೂಯಿಸನದೇ ಎಂದು ಕಲಾ ಇತಿಹಾಸಕಾರರು ಬಹುಮಟ್ಟಿಗೆ ಒಪ್ಪುತ್ತಾರೆ. ಕೈರೋದ ಬದುಕನ್ನು ಬಿಡಿಸಿ ಲಂಡನ್ನಿನವರಿಗೆ ಮಾರುತ್ತಿದ್ದ ಕಲಾವಿದ ತಾನೇ ಅಂಗಡಿಯಲ್ಲಿ ಬಂದು ಕುಳಿತಿದ್ದಾನೆ. ಇದು ತಪ್ಪೊಪ್ಪಿಗೆಯೋ, ಹೆಮ್ಮೆಯೋ, ಬಿಟ್ಟುಬಂದ ಊರಿನ ಹಂಬಲವೋ? ನಿಮ್ಮ ಲೇಖನ ಈ ಪ್ರಶ್ನೆಯಿಂದ ಶುರುವಾಗಲಿ. ಸೈದರ ವಾದಕ್ಕೂ ಆಗ ನಿಜವಾದ ಕೆಲಸ ಸಿಗುತ್ತದೆ, ಏಕೆಂದರೆ ಆ ಜಾಗದಲ್ಲಿ ಕೂರಬೇಕಿದ್ದ ಕೈರೋದ ವ್ಯಾಪಾರಿ ಚಿತ್ರದಲ್ಲಿ ಇಲ್ಲ.

"ಗಿಜಿಗುಡುವ ಮಾರುಕಟ್ಟೆ, ಬಣ್ಣಗಳ ಹಬ್ಬ" ಎಂಬ ಮಾತನ್ನು ದಯವಿಟ್ಟು ತೆಗೆದುಹಾಕಿ. ಅದು ಯಾವ ಊರಿನ ಸಂತೆಗೂ ಒಪ್ಪುತ್ತದೆ. ಅಂಗಡಿಯ ಮುಂದಿನ ಮಸ್ತಬವನ್ನು ನೀವು "ಜಗಲಿ" ಎಂದು ಕರೆದ ಒಂದೇ ವಾಕ್ಯದಲ್ಲಿ ಇಡೀ ಪೇಟೆ ನನಗೆ ಕಂಡಿತು. ಅದನ್ನೇ ಬೆಳೆಸಿ. ಆ ಜಗಲಿಯ ಮೇಲೆ ಗಿರಾಕಿಯನ್ನು ಕೂರಿಸಿ, ಕಾಫಿ ಕೊಟ್ಟು, ಉದ್ದನೆಯ ಪೈಪು ಸೇದಿಸಿ ಚೌಕಾಸಿ ನಡೆಯುತ್ತಿದ್ದುದನ್ನು, ಈಜಿಪ್ಟಿನ ಜನಜೀವನದ ಬಗ್ಗೆ ಬರೆದ ಇಂಗ್ಲಿಷ್ ವಿದ್ವಾಂಸ ಎಡ್ವರ್ಡ್ ಲೇನ್ 1836ರಲ್ಲೇ ದಾಖಲಿಸಿದ್ದಾನೆ. ಸೋಮವಾರ, ಗುರುವಾರ ಬೆಳಗ್ಗೆ ಖಾನ್ ಎಲ್ ಖಲೀಲಿಯಲ್ಲಿ ಹರಾಜು ನಡೆಯುತ್ತಿತ್ತು. ಮಾಲನ್ನು ಹೊತ್ತು ಬೆಲೆ ಕೂಗುತ್ತಾ ಓಡಾಡುತ್ತಿದ್ದವರಿಗೆ ಅಲ್ಲಿ ದಲ್ಲಾಲ್ ಎನ್ನುತ್ತಿದ್ದರು, ನಮ್ಮ ದಲ್ಲಾಳಿಯೂ ಅದೇ ಮಾತು. ಆ ಕೂಗನ್ನು ಬಲ್ಲ ಓದುಗನಿಗೆ ಲೂಯಿಸನ ಚಿತ್ರದ ಮೌನ ತಾನಾಗಿಯೇ ತಟ್ಟುತ್ತದೆ.

ಮೈಸೂರಿನ ದೇವರಾಜ ಮಾರುಕಟ್ಟೆಯನ್ನು ನೆನೆಯುವ ಕೊನೆಯ ಪ್ಯಾರಾ ಇಲ್ಲಿಗೆ ಬೇಡ. ಚಿತ್ರ ಲಂಡನ್ನಿನಲ್ಲಿದೆ ಎಂದದ್ದೂ ತಪ್ಪು, ಅದಿರುವುದು ಉತ್ತರ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ವಸ್ತುಸಂಗ್ರಹಾಲಯದಲ್ಲಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ, ಕಾಯುತ್ತಿರುತ್ತೇನೆ.

ಇಂತಿ,
ಸಂಪಾದಕ