ಕಂಪೂಚಿಯಾ ಯಾರ ಹೆಸರು?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: ‘ಅಂಗ್‌ಕೋರ್ ವಾಟ್ ದೇಗುಲದ ಸಂರಕ್ಷಣೆ ಕುರಿತ ಲೇಖನದಲ್ಲಿ, 1986ರಲ್ಲಿ ಭಾರತೀಯ ತಂಡ ಕಂಪೂಚಿಯಾಕ್ಕೆ ಹೋಯಿತು ಎಂದಿದ್ದೀರಿ. ಅದು ಪೋಲ್ ಪಾಟ್ ಇಟ್ಟ ಹೆಸರಲ್ಲವೇ? ಕೊಲೆಗಡುಕರು ಕೊಟ್ಟ ಹೆಸರನ್ನು ಪತ್ರಿಕೆ ಏಕೆ ಬಳಸಬೇಕು?’

ಮಾನ್ಯರೇ, ನಿಮ್ಮ ನೋವು ನ್ಯಾಯವಾದದ್ದೇ. ಆದರೆ ಆ ಹೆಸರು ಖಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಣದ ನಾಯಕ ಪೋಲ್ ಪಾಟ್‌ನದಲ್ಲ. ಕಾಂಬೋಡಿಯಾದ ಬಹುಸಂಖ್ಯಾತ ಖಮೇರ್ ಜನ ತಮ್ಮ ನಾಡನ್ನು ಇವತ್ತಿಗೂ ಕರೆಯುವುದು ಹಾಗೆಯೇ. ಸಂಸ್ಕೃತದ ‘ಕಂಬುಜ’ವೇ ಅವರ ಭಾಷೆಯಲ್ಲಿ ಕಂಪೂಚಿಯಾ ಆಗಿದೆ. ತಾವು ಕಂಬು ಎಂಬ ಋಷಿಯ ಸಂತತಿಯವರು ಎಂಬ ಐತಿಹ್ಯ ಅಲ್ಲಿನ ಹತ್ತನೇ ಶತಮಾನದ ಶಾಸನದಲ್ಲಿದೆ. ಫ್ರೆಂಚರ ಉಚ್ಚಾರಣೆಯ ದಾರಿಯಲ್ಲಿ ಬಂದದ್ದು ‘ಕಾಂಬೋಡಿಯಾ’.

1970ರಲ್ಲಿ ರಾಜ ಮನೆತನದ ಸಿಹಾನೂಕ್ ಅವರನ್ನು ಪದಚ್ಯುತಗೊಳಿಸಿದ ಲೋನ್ ನೋಲ್ ದೇಶವನ್ನು ಖಮೇರ್ ಗಣರಾಜ್ಯ ಎಂದು ಘೋಷಿಸಿದರು. 1975ರ ಏಪ್ರಿಲ್ 17ರಂದು ಖಮೇರ್ ರೂಜ್ ಪಡೆಗಳು ರಾಜಧಾನಿ ನೋಮ್ ಪೆನ್ಹ್‌ಗೆ ನುಗ್ಗಿ, ಆಸ್ಪತ್ರೆಯ ರೋಗಿಗಳನ್ನೂ ಬಿಡದೆ ಇಡೀ ನಗರವನ್ನು ಖಾಲಿ ಮಾಡಿಸಿದವು. ಮರುವರ್ಷದ ಜನವರಿಯಲ್ಲಿ ಬಂದ ಸಂವಿಧಾನ ದೇಶಕ್ಕೆ ‘ಪ್ರಜಾಸತ್ತಾತ್ಮಕ ಕಂಪೂಚಿಯಾ’ ಎಂದು ಹೆಸರಿಟ್ಟಿತು. ಅವರು ಸೇರಿಸಿದ್ದು ಆ ಮೊದಲ ಪದವನ್ನು ಮಾತ್ರ. ನಿಮ್ಮ ಸಿಟ್ಟು ತಿರುಗಬೇಕಾದದ್ದು ಅದರ ಮೇಲೆ.

ಕೇವಲ 21 ವಿಧಿಗಳ ಆ ಸಂವಿಧಾನವನ್ನು ಓದುವಾಗ ಮೈ ಉರಿಯುತ್ತದೆ. ಯಾವುದೇ ಧರ್ಮವನ್ನು ಅನುಸರಿಸುವ ಹಕ್ಕು ಪ್ರಜೆಗಳಿಗಿದೆ ಎನ್ನುವ ವಿಧಿಯೇ, ‘ಪ್ರತಿಗಾಮಿ’ ಧರ್ಮಗಳನ್ನು ಕಟ್ಟುನಿಟ್ಟಾಗಿ ನಿಷೇಧಿಸುತ್ತದೆ. ಬೌದ್ಧ ಭಿಕ್ಷುಗಳ ಕಾವಿ ಕಳಚಿಸಿ ಗದ್ದೆಗೆ ಅಟ್ಟಲಾಯಿತು. ಕಮ್ಯುನಿಸ್ಟ್ ಪಕ್ಷವೊಂದು ಆಳುತ್ತಿದೆ ಎಂಬುದನ್ನೇ 1977ರ ಸೆಪ್ಟೆಂಬರ್‌ವರೆಗೆ ಬಹಿರಂಗಪಡಿಸಿರಲಿಲ್ಲ. ಜನರಿಗೆ ಗೊತ್ತಿದ್ದದ್ದು ‘ಅಂಗ್‌ಕಾರ್’, ಅಂದರೆ ಸಂಘಟನೆ, ಎಂಬ ಮುಖವಿಲ್ಲದ ಹೆಸರು. ಹಸಿವು, ರೋಗ, ದುಡಿತ, ಹತ್ಯೆಗಳಿಂದ ನಾಲ್ಕು ವರ್ಷ ತುಂಬುವ ಮೊದಲೇ ಸತ್ತವರು 15ರಿಂದ 20 ಲಕ್ಷ. ಅವರಲ್ಲಿ ಬಹುಪಾಲು ಜನರಿಗೆ ಕಂಪೂಚಿಯಾ ಎಂಬುದು ತಾಯ್ನುಡಿಯಲ್ಲಿ ತಮ್ಮ ನಾಡಿನ ಹೆಸರು. ಆ ಹೆಸರನ್ನು, ಅವರನ್ನು ಕೊಂದವರಿಗೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

1979ರ ಜನವರಿ 7ರಂದು ವಿಯೆಟ್ನಾಂ ಸೇನೆ ರಾಜಧಾನಿಯನ್ನು ಹಿಡಿದ ಮೇಲೆ ‘ಕಂಪೂಚಿಯಾ ಜನತಾ ಗಣರಾಜ್ಯ’ ಹುಟ್ಟಿತು. ಅದೂ ಕಮ್ಯುನಿಸ್ಟ್ ಸರ್ಕಾರವೇ. ಎರಡರ ಬಾವುಟದಲ್ಲೂ ಕೆಂಪು ನೆಲದ ಮೇಲೆ ಹಳದಿ ಅಂಗ್‌ಕೋರ್. ಪೋಲ್ ಪಾಟ್‌ನ ಬಾವುಟದಲ್ಲಿ ಮೂರು ಗೋಪುರ, ಹೊಸದರಲ್ಲಿ ಐದು. ವಿಶ್ವಸಂಸ್ಥೆಯ ಪೀಠ ಮಾತ್ರ ಹಳೆಯ ‘ಪ್ರಜಾಸತ್ತಾತ್ಮಕ’ ಸರ್ಕಾರಕ್ಕೇ ಉಳಿಯಿತು. ವಿಯೆಟ್ನಾಂ ಮೇಲಿನ ಸಿಟ್ಟಿಗೆ ಚೀನಾ, ಅಮೆರಿಕಗಳೆರಡೂ ಅದನ್ನು ಬೆಂಬಲಿಸಿದವು. ಇದು ಆ ಜನರಿಗೆ ಜಗತ್ತು ಮಾಡಿದ ದ್ರೋಹ ಎಂದೇ ನನ್ನ ಅಭಿಪ್ರಾಯ. ಭಾರತ 1980ರಲ್ಲಿ ಹೊಸ ಸರ್ಕಾರವನ್ನು ಮಾನ್ಯ ಮಾಡಿತು. ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆಯ ತಂಡ 1986ರಲ್ಲಿ ಕೆಲಸಕ್ಕಿಳಿದದ್ದು ಈ ಜನತಾ ಗಣರಾಜ್ಯದಲ್ಲಿ. ಲೇಖನದಲ್ಲಿದ್ದ ಕಂಪೂಚಿಯಾ ಅದೇ.

1989ರಲ್ಲಿ ಅಧಿಕೃತ ಹೆಸರು ಮತ್ತೆ ಬದಲಾಯಿತು. 1993ರಲ್ಲಿ ರಾಜಪ್ರಭುತ್ವ ಮರಳಿತು. ಇಂಗ್ಲಿಷಿನಲ್ಲಿ ಕಾಂಬೋಡಿಯಾ ಬಂದರೂ ಖಮೇರ್ ಭಾಷೆಯ ಅಧಿಕೃತ ಹೆಸರಿನಲ್ಲಿ ಕಂಪೂಚಿಯಾ ಉಳಿದೇ ಇದೆ. ಇನ್ನು ಮುಂದೆ ಇಂದಿನ ದೇಶವನ್ನು ಕಾಂಬೋಡಿಯಾ ಎಂದೇ ಬರೆಯುತ್ತೇವೆ. 1976ರಿಂದ 1989ರವರೆಗಿನ ಸಂಗತಿ ಬಂದಾಗ, ಎರಡು ಸರ್ಕಾರಗಳಲ್ಲಿ ಯಾವುದೆಂದು ತಿಳಿಯುವಂತೆ ಪೂರ್ಣ ಹೆಸರನ್ನೇ ಕೊಡುತ್ತೇವೆ.

— ಸಂ.